ಮುಂಬಯಿಯ ನೆಲ ಮತ್ತು ಹಳೆಯ ಹೊತ್ತಗೆಗಳು

1661ರ ಜೂನ್ 23ರಂದು ಸಹಿಯಾದ ವಿವಾಹ ಒಪ್ಪಂದವೊಂದರ ಹನ್ನೊಂದನೆಯ ಕಲಮು ಮುಂಬಯಿ ದ್ವೀಪವನ್ನು ಪೋರ್ಚುಗೀಸರ ಕೈಯಿಂದ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನ ಕೈಗೆ ದಾಟಿಸಿತು. ರಾಣಿ ಕ್ಯಾಥರೀನಳ ವರದಕ್ಷಿಣೆಯ ಭಾಗವಾಗಿ ಬಂದ ಈ ದ್ವೀಪವನ್ನು ಹಂಫ್ರಿ ಕುಕ್ 1665ರಲ್ಲಿ ವಶಕ್ಕೆ ಪಡೆದ ಮೂರೇ ವರ್ಷಗಳಲ್ಲಿ, ಅದನ್ನು ಕಾಯುವ ಖರ್ಚೇ ಹೆಚ್ಚೆಂದು ಕಂಡ ದೊರೆ 1668ರ ಸನದಿನ ಮೂಲಕ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಕೇವಲ ಹತ್ತು ಪೌಂಡುಗಳ ಗುತ್ತಿಗೆಗೆ ವಹಿಸಿಕೊಟ್ಟನು. ಅರಬ್ಬೀ ಸಮುದ್ರದ ಅಂಚಿನ ಈ ನೆಲವನ್ನು ಲಂಡನ್ ಸಮೀಪದ ಈಸ್ಟ್ ಗ್ರೀನಿಚ್ ಎಂಬ ಜಹಗೀರಿಗೆ ಸೇರಿದ ಹಿಡುವಳಿಯಂತೆ ಭಾವಿಸತಕ್ಕದ್ದೆಂದು ಆ ಸನದು ಹೇಳುತ್ತದೆ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಇದು ಕೇವಲ ರೂಢಿಯ ಮಾತಾಗಿದ್ದರೂ ಕೋಳಿ ಸಮುದಾಯದ ಬೆಸ್ತರ ಮೀನುಬಲೆ, ಭಂಡಾರಿ ಸಮುದಾಯದವರ ತೆಂಗಿನ ತೋಟ, ಉಪ್ಪುನೀರಿನ ಭತ್ತದ ಗದ್ದೆಗಳಿಂದ ಕೂಡಿದ್ದ ದ್ವೀಪಕ್ಕೆ ಅದನ್ನು ಅನ್ವಯಿಸಿದಾಗ ಉಂಟಾದ ಗೊಂದಲವನ್ನು ಬಿಡಿಸುವುದಕ್ಕೆ ಮುಂದಿನ ಇನ್ನೂರು ವರ್ಷಗಳ ಅಧಿಕಾರಿಗಳು ರೀಮುಗಟ್ಟಲೆ ಕಾಗದ ಬರೆಯಬೇಕಾಯಿತು.

ಆ ಕಾಗದಗಳಲ್ಲಿ ಒಂದಂಶ ಅಚ್ಚಾಯಿತು, ಅಚ್ಚಾದುದರಲ್ಲಿ ಒಂದಂಶ ಮಾತ್ರ ಉಳಿಯಿತು. ಹಾಗೆ ಉಳಿದುದನ್ನು ಹುಡುಕಿ ಕೂಡಿಹಾಕುವವರ ಸಂಖ್ಯೆ ದೊಡ್ಡದಲ್ಲ. ಹಳೆಯ ಪುಸ್ತಕಗಳ ಸಂಗ್ರಹವೆಂದರೆ ಚರ್ಮದ ರಟ್ಟು, ಚಿನ್ನದ ಅಕ್ಷರ, ತಾಮ್ರದ ಅಚ್ಚಿನ ಚಿತ್ರಗಳು ಎಂಬ ಕಲ್ಪನೆ ಸಾಮಾನ್ಯವಾಗಿದೆ. ನಗರವೊಂದರ ಭೂಇತಿಹಾಸವನ್ನು ಕುರಿತ ಸಂಗ್ರಹಕ್ಕೆ ಆ ಅಳತೆಗೋಲು ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಹೆಚ್ಚು ಹೇಳುವ ಪುಸ್ತಕಗಳು ನೋಟಕ್ಕೆ ಹೆಚ್ಚು ನೀರಸವಾದವು: ಸರ್ಕಾರಿ ಮುದ್ರಣಾಲಯದ ವರದಿಗಳು, ಕೋಷ್ಟಕಗಳು, ಅಧಿನಿಯಮಗಳ ಟಿಪ್ಪಣಿ ಗ್ರಂಥಗಳು, ಸಮಿತಿಗಳ ಮುಂದೆ ನುಡಿದ ಸಾಕ್ಷ್ಯಗಳು. ಪ್ರವಾಸಕಥನದ ಒಂದು ಸುಂದರ ಪ್ರತಿಗೆ ತೆರುವ ಹಣದಲ್ಲಿ ಇಂತಹ ಹತ್ತಾರು ವರದಿಗಳನ್ನು ಕೊಳ್ಳಬಹುದು. ಆದರೆ ಹಣವಿದ್ದ ಮಾತ್ರಕ್ಕೆ ಅವು ಸಿಗುವುದಿಲ್ಲ. ಕಚೇರಿಗಳಿಗೆ ಹಂಚುವುದಕ್ಕೆಂದು ಅಚ್ಚಾದ ಇವನ್ನು ಯಾರೂ ಅಲಂಕಾರಕ್ಕಾಗಿ ಮನೆಯಲ್ಲಿ ಇಟ್ಟುಕೊಂಡವರಲ್ಲ, ಕಚೇರಿಗಳೋ ಕಾಲಕಾಲಕ್ಕೆ ಅವನ್ನು ರದ್ದಿಗೆ ಹಾಕಿದವು.

ಸಂಗ್ರಹದ ಬುಡ ಪೋರ್ಚುಗೀಸರ ಕಾಲದಲ್ಲಿದೆ. ಸಿಮಾಂವ್ ಬೊತೆಲ್ಯು ಎಂಬ ಅಧಿಕಾರಿ 1554ರಲ್ಲಿ ಪೋರ್ಚುಗೀಸ್ ಭಾರತದ ಆದಾಯದ ಲೆಕ್ಕವನ್ನು ‘ತೊಂಬು’ ಎಂಬ ದಫ್ತರದಲ್ಲಿ ಬರೆದಿಟ್ಟಿದ್ದನು. ತೊಂಬು ಎಂದರೆ ಯಾವ ಊರು ಯಾರ ಹಿಡುವಳಿಯಲ್ಲಿದೆ, ಅದರಿಂದ ಖಜಾನೆಗೆ ಏನು ಸಲ್ಲಬೇಕು ಎಂಬುದನ್ನು ನಮೂದಿಸುವ ಪುಸ್ತಕ. ಅದು ಅಚ್ಚಿನಲ್ಲಿ ಬೆಳಕು ಕಂಡದ್ದು 1868ರಲ್ಲಿ, ಲಿಸ್ಬನ್ನಿನಲ್ಲಿ, ಫೆಲ್ನರ್ ಎಂಬ ವಿದ್ವಾಂಸರ ಸಂಪಾದನೆಯಲ್ಲಿ. ಗೋವೆಯಲ್ಲಿ 1563ರಲ್ಲಿ ಅಚ್ಚಾದ ಔಷಧಸಸ್ಯಗಳ ಪ್ರಸಿದ್ಧ ಗ್ರಂಥದ ಕರ್ತೃ, ವೈದ್ಯ ಗಾರ್ಸಿಯ ದ ಓರ್ತನು ಇದೇ ಮುಂಬಯಿ ದ್ವೀಪವನ್ನು ವಾರ್ಷಿಕ ಕಾಣಿಕೆಯ ಮೇಲೆ ಶಾಶ್ವತ ಗುತ್ತಿಗೆಗೆ ಹಿಡಿದಿದ್ದನು. ಆ ಗ್ರಂಥದ ಮೊದಲ ಮುದ್ರಣ ಸಾಮಾನ್ಯ ಸಂಗ್ರಾಹಕರ ಕೈಗೆ ಎಟುಕುವಂಥದಲ್ಲ; ಈ ಕಾಲಘಟ್ಟಕ್ಕೆ ಹೆಚ್ಚಿನವರು ಆಶ್ರಯಿಸುವುದು ಡಾ. ಜೆರ್ಸನ್ ಡ ಕುನ್ಯಾ ಅವರ ‘ದಿ ಒರಿಜಿನ್ ಆಫ್ ಬಾಂಬೆ’ಯನ್ನು. ಗೋವೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ, ಪೋರ್ಚುಗೀಸ್ ಮೂಲಗಳನ್ನು ನೇರವಾಗಿ ಓದಬಲ್ಲವರಾಗಿದ್ದ ಡ ಕುನ್ಯಾ ಅವರ ಈ ಗ್ರಂಥ 1900ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯ ವಿಶೇಷ ಸಂಚಿಕೆಯಾಗಿ ಹೊರಬಂದಿತು. ಆದ್ದರಿಂದಲೇ ಅದನ್ನು ಪುಸ್ತಕಗಳ ಸಾಲಿನಲ್ಲಿ ಮಾತ್ರ ಹುಡುಕುವವರ ಕಣ್ಣಿಗೆ ಎಷ್ಟೋ ಸಲ ಅದು ಬೀಳುವುದಿಲ್ಲ. ಪತ್ರಿಕೆಯ ಹಳೆಯ ಸಂಪುಟಗಳ ನಡುವೆ ಅದು ಸುಮ್ಮನೆ ಕುಳಿತಿರುತ್ತದೆ.

ದ್ವೀಪ ಕೈಬದಲಾದಾಗ ಮೊದಲು ಎದ್ದ ಜಗಳ ಎಲ್ಲೆಯನ್ನು ಕುರಿತದ್ದು. ವರದಕ್ಷಿಣೆಯಲ್ಲಿ ಕೊಟ್ಟಿದ್ದು ಮುಂಬಯಿಯನ್ನೇ ಹೊರತು ಮಾಹಿಮ್ ಮೊದಲಾದವನ್ನಲ್ಲ ಎಂದು ಪೋರ್ಚುಗೀಸರು ವಾದಿಸಿದರೆ ಅವೆಲ್ಲವೂ ಸೇರಿಯೇ ಮುಂಬಯಿ ಎಂಬುದು ಇಂಗ್ಲಿಷರ ನಿಲುವಾಗಿತ್ತು. ಶಫಾತ್ ಅಹ್ಮದ್ ಖಾನ್ ಅವರು 1922ರಲ್ಲಿ ಪ್ರಕಟಿಸಿದ, 1660ರಿಂದ 1677ರವರೆಗಿನ ಸಂಧಾನದ ಕಾಗದಪತ್ರಗಳ ಸಂಕಲನದಲ್ಲಿ ಈ ತಕರಾರಿನ ಎರಡೂ ಮಗ್ಗುಲುಗಳನ್ನು ನೋಡಬಹುದು. ಎರಡನೆಯ ಜಗಳ ಒಡೆತನವನ್ನು ಕುರಿತದ್ದು. ಪೋರ್ಚುಗೀಸ್ ಕಾಲದಿಂದ ನೆಲ ಹಿಡಿದಿದ್ದವರ ಹಕ್ಕು ಏನಾಗಬೇಕು ಎಂಬ ಪ್ರಶ್ನೆಗೆ ಗವರ್ನರ್ ಜೆರಾಲ್ಡ್ ಆಂಜಿಯರ್ 1672ರಲ್ಲಿ ಭೂಹಿಡುವಳಿದಾರರೊಂದಿಗೆ ಒಡಂಬಡಿಕೆಯೊಂದನ್ನು ಮಾಡಿಕೊಂಡು ಉತ್ತರ ಕಂಡುಕೊಂಡನು: ಅವರೆಲ್ಲರೂ ಸೇರಿ ಕಂಪನಿಗೆ ವರ್ಷಕ್ಕೆ 20,000 ಷೆರಾಫಿನ್ ಸಲ್ಲಿಸಬೇಕು, ಕಂಪನಿ ಅವರ ಹಿಡುವಳಿಯನ್ನು ಸ್ಥಿರಪಡಿಸಬೇಕು. ಷೆರಾಫಿನ್ ಎಂಬುದು ಆಗ ಪಶ್ಚಿಮ ಕರಾವಳಿಯಲ್ಲಿ ಚಲಾವಣೆಯಲ್ಲಿದ್ದ ನಾಣ್ಯ. ಹೀಗೆ ಸಲ್ಲಿಸುವ ಮೊತ್ತಕ್ಕೆ ‘ಪೆನ್ಷನ್’ ಎಂಬ ಹೆಸರು ಬಿದ್ದು, ಮುಂಬಯಿಯ ಕಂದಾಯದ ದಾಖಲೆಗಳಲ್ಲಿ ಆ ಹೆಸರೇ ಉಳಿದುಕೊಂಡಿತು; ಹಳೆಯ ವರದಿಯೊಂದರಲ್ಲಿ ‘ಪೆನ್ಷನ್ ಮತ್ತು ತೆರಿಗೆಯ ನೆಲ’ ಎಂದು ಓದಿದಾಗ ಅದನ್ನು ಸರ್ಕಾರ ಯಾರಿಗೋ ಕೊಡುತ್ತಿದ್ದ ವೇತನವೆಂದು ತಿಳಿಯದೆ, ನೆಲದ ಒಡೆಯರು ಸರ್ಕಾರಕ್ಕೆ ಕೊಡುತ್ತಿದ್ದ ಕಾಣಿಕೆಯೆಂದು ಅರ್ಥಮಾಡಿಕೊಳ್ಳಬೇಕು.

ಈ ಎಲ್ಲ ಎಳೆಗಳನ್ನು ಮೊದಲ ಬಾರಿಗೆ ಒಟ್ಟುಗೂಡಿಸಿದವರು ಸರ್ಕಾರದ ಮುಖ್ಯ ಕಾರ್ಯದರ್ಶಿಯಾಗಿದ್ದ ಫ್ರಾನ್ಸಿಸ್ ವಾರ್ಡನ್. ಮುಂಬಯಿಯ ಭೂಹಿಡುವಳಿಗಳನ್ನು ಕುರಿತು ಅವರು 1814ರಲ್ಲಿ ಸಲ್ಲಿಸಿದ ವರದಿ ಸುಮಾರು ಅರ್ಧ ಶತಮಾನದ ಕಾಲ ಕೈಬರಹದಲ್ಲೇ ಇದ್ದು, 1861ರಲ್ಲಿ ಮುಂಬಯಿ ಸರ್ಕಾರದ ದಾಖಲೆಗಳ ಆಯ್ದ ಸಂಪುಟಗಳ ಮಾಲೆಯಲ್ಲಿ ಅಚ್ಚಾಯಿತು. ಮುಂಬಯಿಯ ಭೂಇತಿಹಾಸದ ಯಾವುದೇ ಗಂಭೀರ ಸಂಗ್ರಹಕ್ಕೆ ನಡುಗಂಬವಾಗಬೇಕಾದ ಪುಸ್ತಕ ಇದು. ಸನದು, ಗುತ್ತಿಗೆ, ದಾನ, ಒತ್ತುವರಿ, ಆಜ್ಞೆ, ಪ್ರತ್ಯಾಜ್ಞೆಗಳನ್ನು ಒಂದೊಂದಾಗಿ ಕೆದಕುತ್ತ ಹೋಗುವ ವಾರ್ಡನ್‌ರ ಬರವಣಿಗೆಯಲ್ಲಿ ಓದುಗನನ್ನು ರಂಜಿಸುವ ಉದ್ದೇಶ ಎಳ್ಳಷ್ಟೂ ಇಲ್ಲ. ಆದರೂ ಕಂಪನಿ ತನ್ನದೆಂದುಕೊಂಡ ನೆಲದಲ್ಲಿ ಜನ ಹೇಗೆ ಮನೆ ಕಟ್ಟಿದರು, ಅಧಿಕಾರಿಗಳು ಕಂಡೂ ಕಾಣದಂತೆ ಹೇಗೆ ಇದ್ದರು, ತಲೆಮಾರು ಕಳೆದ ಮೇಲೆ ಅದೇ ನೆಲವನ್ನು ಮರಳಿ ಕೇಳುವುದು ಹೇಗೆ ಅಸಾಧ್ಯವಾಯಿತು ಎಂಬುದು ಆ ಒಣ ವಾಕ್ಯಗಳ ನಡುವಿನಿಂದಲೇ ಹೊರಬರುತ್ತದೆ. ಆಳುವವರ ಪರವಾಗಿ ಬರೆದ ವರದಿ ಇದು ಎಂಬುದನ್ನು ಮರೆಯಬಾರದು. ಹಕ್ಕುಪತ್ರವಿಲ್ಲದ ಹಿಡುವಳಿಯೆಲ್ಲ ಸರ್ಕಾರದ್ದೇ ಎಂಬ ಒಲವು ಅದರಲ್ಲಿ ಉದ್ದಕ್ಕೂ ಇದೆ.

ವಾರ್ಡನ್‌ರ ವರದಿಯನ್ನು ಓದುವವರು ಕೆಲವು ಹಿಡುವಳಿಗಳ ಹೆಸರನ್ನು ತಿಳಿದಿರಬೇಕಾಗುತ್ತದೆ. ‘ಫೋರಾಸ್’ ನೆಲವೆಂದರೆ ದ್ವೀಪಗಳ ನಡುವೆ ಭರತದ ನೀರು ನುಗ್ಗುತ್ತಿದ್ದ ತಗ್ಗುಪ್ರದೇಶವನ್ನು ಕೃಷಿಗೆ ತರುವುದಕ್ಕಾಗಿ ಅಲ್ಪ ಬಾಡಿಗೆಗೆ ಜನರಿಗೆ ಬಿಟ್ಟುಕೊಟ್ಟದ್ದು. ವರಳಿ ಮತ್ತು ಮಹಾಲಕ್ಷ್ಮಿಗಳ ನಡುವಿನ ದೊಡ್ಡ ಕಂಡಿಯನ್ನು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡಿನಿಂದ ಮುಚ್ಚಿದ ಮೇಲೆ ಇಂತಹ ನೆಲದ ವಿಸ್ತಾರವೂ ಬೆಲೆಯೂ ಹೆಚ್ಚಿದವು, ಅದರೊಂದಿಗೆ ಅದು ಯಾರದು ಎಂಬ ವಿವಾದವೂ ಬೆಳೆಯಿತು. ಕೊನೆಗೆ 1851ರ ಆರನೆಯ ಅಧಿನಿಯಮದಿಂದ ಕಂಪನಿ ಅಂತಹ ನಿರ್ದಿಷ್ಟ ಜಮೀನುಗಳನ್ನು ಮರಳಿ ವಶಪಡಿಸಿಕೊಳ್ಳುವ ತನ್ನ ಹಕ್ಕನ್ನು ಬಿಟ್ಟುಕೊಟ್ಟು, ಬಾಡಿಗೆ ಸಲ್ಲಿಸುವ ಷರತ್ತಿನ ಮೇಲೆ ಹಿಡುವಳಿದಾರರನ್ನು ಅಲ್ಲಿಯೇ ನೆಲೆಗೊಳಿಸಿತು. ‘ಫಜಂದಾರಿ’ ಎಂಬುದು ಇನ್ನೊಂದು ಬಗೆ: ನೆಲ ಫಜಂದಾರನೆಂಬ ಒಡೆಯನದು, ಅದರ ಮೇಲಿನ ಮನೆ ಕಟ್ಟಿಕೊಂಡವನದು, ನಡುವೆ ತಲೆಮಾರುಗಳಿಂದ ಬಂದ ಪುಡಿ ಬಾಡಿಗೆ. ದಕ್ಷಿಣ ಮುಂಬಯಿಯ ಹಳೆಯ ಕಟ್ಟಡಗಳನ್ನು ಕೆಡವಿ ಕಟ್ಟುವ ವ್ಯವಹಾರಗಳಲ್ಲಿ ಈ ಹೆಸರು ಇಂದಿಗೂ ತಲೆಯೆತ್ತುತ್ತದೆ. 1876ರ ಮುಂಬಯಿ ನಗರ ಭೂಕಂದಾಯ ಅಧಿನಿಯಮ ಇವೆಲ್ಲವನ್ನೂ ಒಂದು ಚೌಕಟ್ಟಿಗೆ ತಂದಿತಾದರೂ ಹಿಡುವಳಿಗಳ ಬಗೆಗಳನ್ನು ಅಳಿಸಲಿಲ್ಲ. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯಲ್ಲಿ ಮುಂಬಯಿ ನಗರಕ್ಕೆಂದೇ ಪ್ರತ್ಯೇಕ ಅಧ್ಯಾಯ ಇಡಬೇಕಾಗಿ ಬಂದದ್ದು ಇದರಿಂದಲೇ.

19ನೆಯ ಶತಮಾನದ ಕೊನೆಗೆ ಬರುವಾಗ ಪುಸ್ತಕಗಳ ಸಂಖ್ಯೆ ಹೆಚ್ಚುತ್ತದೆ, ಆಯ್ಕೆಯೂ ಸುಲಭವಾಗುತ್ತದೆ. ಜೇಮ್ಸ್ ಕ್ಯಾಂಬೆಲ್ ಅವರು ಮುಂಬಯಿ ಪ್ರಾಂತದ ಗೆಜೆಟಿಯರ್ ಮಾಲೆಯ 26ನೆಯ ಸಂಪುಟವಾಗಿ 1893 ಮತ್ತು 1894ರಲ್ಲಿ ಮೂರು ಭಾಗಗಳಲ್ಲಿ ಹೊರತಂದ ‘ಮೆಟೀರಿಯಲ್ಸ್’ ಹೆಸರಿಗೆ ತಕ್ಕಂತೆ ಕಟ್ಟಿದ ಮನೆಯಾಗಿರದೆ ಕಲ್ಲುಮಣ್ಣಿನ ರಾಶಿಯಾಗಿದೆ. ಕಂಪನಿಯ ದಿನಚರಿಗಳಿಂದ, ಪತ್ರಗಳಿಂದ ಆಯ್ದ ಭಾಗಗಳು ಅದರಲ್ಲಿ ಒಂದರ ಹಿಂದೊಂದು ಬರುತ್ತವೆ. ಇದೇ ಮಾಲೆಯ ಉತ್ತರ ಕನ್ನಡ, ಬೆಳಗಾವಿ, ಧಾರವಾಡ, ವಿಜಾಪುರ ಸಂಪುಟಗಳು 1883 ಮತ್ತು 1884ರಲ್ಲಿ ಬಂದವಾದ್ದರಿಂದ ಕರ್ನಾಟಕದ ಇತಿಹಾಸಾಸಕ್ತರಿಗೆ ಕ್ಯಾಂಬೆಲ್‌ರ ಹೆಸರು ಹೊಸದಲ್ಲ. ಎಸ್. ಎಂ. ಎಡ್ವರ್ಡ್ಸ್ ಅವರ ‘ದಿ ರೈಸ್ ಆಫ್ ಬಾಂಬೆ’ 1902ರಲ್ಲಿ ಪ್ರತ್ಯೇಕ ಪುಸ್ತಕವಾಗಿ ಬಂದರೂ ಮೂಲದಲ್ಲಿ ಅದು 1901ರ ಜನಗಣತಿ ವರದಿಯ ಹತ್ತನೆಯ ಸಂಪುಟದ ಭಾಗ. 1909 ಮತ್ತು 1910ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಮುಂಬಯಿ ನಗರ ಮತ್ತು ದ್ವೀಪದ ಗೆಜೆಟಿಯರ್ ಇವೆಲ್ಲವುಗಳ ಸಾರವನ್ನು ಹಿಂಡಿ ಕೊಡುತ್ತದೆ. ಓದಿಗೆ ಅದು ಸಾಕು. ಆದರೆ ಸಾರ ಹಿಂಡುವಾಗ ಕೈಬಿಟ್ಟ ಸಂಗತಿಗಳಿಗಾಗಿಯೇ ಕ್ಯಾಂಬೆಲ್ ಮತ್ತು ವಾರ್ಡನ್‌ರ ಬಳಿಗೆ ಹಿಂದಿರುಗಬೇಕಾಗುತ್ತದೆ.

ಪ್ರವಾಸಕಥನಗಳ ವಿಷಯವನ್ನು ಇಲ್ಲಿ ಒಂದೆರಡು ಮಾತುಗಳಲ್ಲಿ ಮುಗಿಸಬಹುದು. ಓವಿಂಗ್ಟನ್ 1696ರಲ್ಲಿ, ಜಾನ್ ಫ್ರೈಯರ್ 1698ರಲ್ಲಿ, ಗ್ರೋಸ್ 1757ರಲ್ಲಿ ಪ್ರಕಟಿಸಿದ ಗ್ರಂಥಗಳಲ್ಲಿ ಮುಂಬಯಿಯ ವರ್ಣನೆ ಇದೆ, ಹರಾಜುಗಳಲ್ಲಿ ಅವಕ್ಕೆ ಬೆಲೆಯೂ ಇದೆ. ಕಾರವಾರ, ಗೋಕರ್ಣಗಳವರೆಗೂ ಬಂದು ಹೋದ ಫ್ರೈಯರನ ಪುಸ್ತಕ ಕನ್ನಡಿಗರಿಗೆ ಆ ಕಾರಣದಿಂದ ಪ್ರಿಯವಾಗಬಹುದು. ನೆಲದ ಹಕ್ಕುಬಾಧ್ಯತೆಗಳ ದೃಷ್ಟಿಯಿಂದ ಇವು ಕೊಡುವುದು ಕಡಿಮೆ. ಸಂಗ್ರಾಹಕರು ಸಾಮಾನ್ಯವಾಗಿ ಇವುಗಳಿಂದ ಆರಂಭಿಸಿ ಹಣವನ್ನೆಲ್ಲ ಇಲ್ಲಿಯೇ ಕಳೆದುಕೊಳ್ಳುತ್ತಾರೆ.

ನಕಾಶೆಗಳ ಮಾತು ಬೇರೆ. 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಕ್ಯಾಪ್ಟನ್ ಡಿಕಿನ್ಸನ್ ಕೈಗೊಂಡ ಮೋಜಣಿಯೂ 1865ರಿಂದ 1872ರವರೆಗೆ ಕರ್ನಲ್ ಲಾಟನ್ ನಡೆಸಿದ ಮೋಜಣಿಯೂ ಮುಂಬಯಿಯ ನೆಲವನ್ನು ತುಂಡುತುಂಡಾಗಿ ಅಳೆದು ಕಾಗದಕ್ಕೆ ಇಳಿಸಿದವು. ಲಾಟನ್‌ರ ಹಾಳೆಗಳಲ್ಲಿ ಒಂದು ಅಂಗುಲಕ್ಕೆ 40 ಅಡಿಯ ಪ್ರಮಾಣವಿರುವುದರಿಂದ ಓಣಿಯ ತಿರುವು, ಬಾವಿ, ಮನೆಯ ಮೆಟ್ಟಿಲುಗಳವರೆಗೆ ಗುರುತಿಸಬಹುದು. ಇದರ ಪರಿಣಾಮವನ್ನು ಮುಂಬಯಿಯ ಹಳೆಯ ಖರೀದಿಪತ್ರವೊಂದರ ಕೊನೆಯ ಪುಟದಲ್ಲಿ, ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲಿ ಕಾಣಬಹುದು: ಒಂದೇ ನಿವೇಶನಕ್ಕೆ ಕಲೆಕ್ಟರರ ಹಳೆಯ ನಂಬರು, ಕಲೆಕ್ಟರರ ಹೊಸ ನಂಬರು, ಹಳೆಯ ಸರ್ವೆ ನಂಬರು, ಹೊಸ ಸರ್ವೆ ನಂಬರು, ಕೊನೆಗೆ ಕೆಡಸ್ಟ್ರಲ್ ಸರ್ವೆ ನಂಬರು, ಅಂದರೆ ಹಿಡುವಳಿವಾರು ಮೋಜಣಿಯ ನಂಬರು, ಎಂದು ಸಾಲಾಗಿ ನಮೂದಾಗಿರುತ್ತದೆ. ಒಂದೊಂದು ನಂಬರೂ ಒಂದೊಂದು ಕಾಲದ ಅಳತೆಯನ್ನು, ಒಂದೊಂದು ದಫ್ತರವನ್ನು ಸೂಚಿಸುತ್ತದೆ. ಆಯಾ ಕಾಲದ ನಕಾಶೆ ಮತ್ತು ವರದಿಗಳು ಕೈಯಲ್ಲಿದ್ದರೆ ಆ ನಂಬರುಗಳ ಏಣಿಯನ್ನು ಹಿಡಿದು ಅದೇ ನಿವೇಶನ ಉಪ್ಪುಗದ್ದೆಯಾಗಿದ್ದ ದಿನದವರೆಗೂ ಇಳಿದು ಹೋಗಬಹುದಾದ್ದರಿಂದ ಈ ಬಗೆಯ ಸಂಗ್ರಹದಲ್ಲಿ ಬಿಡಿ ಪುಸ್ತಕದ ಅಪರೂಪಕ್ಕಿಂತ ಅದರ ಪಕ್ಕದಲ್ಲಿ ಏನಿದೆ ಎಂಬುದೇ ಹೆಚ್ಚು ಮುಖ್ಯವಾಗುತ್ತದೆ.

ಬಿಡಿ ಹಾಳೆಗಳಾಗಿರುವ ಮೋಜಣಿ ನಕಾಶೆಗಳು ಖಾಸಗಿಯವರಿಗೆ ಸಿಗುವುದು ದುರ್ಲಭ. ಪುಸ್ತಕಗಳೊಳಗೆ ಮಡಚಿ ಸೇರಿಸಿದ ನಕಾಶೆಗಳು ಸಿಗುತ್ತವೆ, ಮೋಸ ಹೋಗುವುದೂ ಅಲ್ಲಿಯೇ. ಗೆಜೆಟಿಯರಿನಂತಹ ಸಂಪುಟವನ್ನು ಕೈಗೆತ್ತಿಕೊಂಡವರು ಶೀರ್ಷಿಕೆ ಪುಟವನ್ನು ನೋಡಿದೊಡನೆ ನಕಾಶೆಗಳ ಪಟ್ಟಿಗೆ ಹೋಗಿ, ಪಟ್ಟಿಯಲ್ಲಿರುವುದೆಲ್ಲ ಒಳಗಿದೆಯೇ ಎಂದು ಒಂದೊಂದಾಗಿ ಎಣಿಸಬೇಕು. ಚೌಕಟ್ಟು ಹಾಕಿ ಮಾರುವುದಕ್ಕಾಗಿ ನಕಾಶೆಯನ್ನು ಕತ್ತರಿಸಿ ತೆಗೆದ ಪ್ರತಿಗಳು ಪೇಟೆಯಲ್ಲಿ ಕಡಿಮೆಯಿಲ್ಲ. ಕತ್ತರಿಸಿದ ಕಡೆ ಹೊಲಿಗೆಯ ಬುಡದಲ್ಲಿ ಬೆರಳಗಲದ ಕಾಗದದ ಪಟ್ಟಿ ಉಳಿದಿರುತ್ತದೆ, ಎದುರಿನ ಪುಟದ ಮೇಲೆ ನಕಾಶೆಯ ಮಸಿ ತಾಗಿ ಮೂಡಿದ ಮಸುಕು ನೆರಳೂ ಕೆಲವೊಮ್ಮೆ ಕಾಣುತ್ತದೆ. ನಕಾಶೆ ಇದ್ದರೂ ಅದನ್ನು ಪೂರ್ತಿ ಬಿಚ್ಚಿ ನೋಡುವುದು ಅಗತ್ಯ. ಮಡಿಕೆಗಳು ಅಡ್ಡ ಹಾಯುವ ಮೂಲೆಗಳಲ್ಲಿ ತೂತು ಬಿದ್ದಿರುವುದು, ಪುಸ್ತಕಕ್ಕೆ ಅಂಟಿಸಿದ ಅಂಚಿನಿಂದ ಸೀಳು ಹೊರಟಿರುವುದು, ಯಾರೋ ಹಿಂಬದಿಗೆ ಸೆಲ್ಲೋಟೇಪು ಹಚ್ಚಿ ಅದರ ಅಂಟು ಹಳದಿಗಟ್ಟಿರುವುದು ಎಲ್ಲವೂ ಆಗ ಗೊತ್ತಾಗುತ್ತದೆ. ಹಿಂಬದಿಗೆ ಬಟ್ಟೆ ಅಂಟಿಸಿದ ನಕಾಶೆ ಹೆಚ್ಚು ಕಾಲ ಬಾಳುತ್ತದೆ.

ಹಳೆಯ ಪುಸ್ತಕಗಳ ಬಿಂಬಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುವಾಗ ಮೂಲ ಪ್ರತಿಗೆ ಹಣ ತೆರುವುದೇಕೆ ಎಂಬ ಪ್ರಶ್ನೆ ಸಹಜವಾದದ್ದು. ಪಠ್ಯದ ಮಟ್ಟಿಗೆ ಆ ಪ್ರಶ್ನೆಗೆ ಉತ್ತರವಿಲ್ಲ. ಎಡ್ವರ್ಡ್ಸ್‌ರನ್ನು ಓದುವುದಕ್ಕೆ ಪರದೆ ಸಾಕು. ಆದರೆ ದೊಡ್ಡ ಪ್ರಮಾಣದಲ್ಲಿ ಅವಸರದಿಂದ ಬಿಂಬ ತೆಗೆದ ಪುಸ್ತಕಗಳಲ್ಲಿ ಮಡಚಿದ ನಕಾಶೆಯನ್ನು ಬಿಚ್ಚದೆ ಮಡಿಕೆಯ ಹೊರಮೈಯನ್ನಷ್ಟೇ ತೆಗೆದು ಮುಂದೆ ಸಾಗಿರುವುದು ಸಾಮಾನ್ಯ, ಆ ಬಿಂಬಗಳಿಂದಲೇ ಬೇಡಿಕೆಗೆ ತಕ್ಕಂತೆ ಅಚ್ಚು ಹಾಕಿ ಮಾರುವ ಅಗ್ಗದ ಮರುಮುದ್ರಣಗಳಿಗೂ ಅದೇ ಕೊರತೆ ಅಂಟಿಕೊಂಡಿರುತ್ತದೆ. ಭೂಇತಿಹಾಸಕ್ಕೆ ಬೇಕಾದದ್ದು ಆ ನಕಾಶೆಯೇ. ಮಹಾರಾಷ್ಟ್ರ ಸರ್ಕಾರ 1970ರ ದಶಕದಲ್ಲಿ ನಗರ ಗೆಜೆಟಿಯರನ್ನು ಯಥಾಪ್ರತಿಯಾಗಿ, ಅಂದರೆ ಹಳೆಯ ಪುಟಗಳನ್ನು ಇದ್ದಂತೆಯೇ ಅಚ್ಚಿಗೆ ಇಳಿಸಿ, ಮರುಮುದ್ರಿಸಿತು. ಇಂತಹ ಯಥಾಪ್ರತಿಗಳು ಬಳಕೆಗೆ ಯೋಗ್ಯವಾದವು, ಮೂಲವೆಂದು ಬೆಲೆ ಹೇಳಿದಾಗ ಮಾತ್ರ ಎಚ್ಚರ ಬೇಕು: ಅಚ್ಚು ಒಂದೇ ಆದರೂ ಕಾಗದ ಸುಳ್ಳು ಹೇಳುವುದಿಲ್ಲ. 19ನೆಯ ಶತಮಾನದ ಮೊದಲ ಭಾಗದ ಚಿಂದಿಬಟ್ಟೆಯ ಕಾಗದ ಇಂದಿಗೂ ಮೆದುವಾಗಿ ಬಾಗುತ್ತದೆ. ಆ ಶತಮಾನದ ಕೊನೆಯ ದಶಕಗಳಿಂದ ಬಳಕೆ ಹೆಚ್ಚಿದ ಮರದ ತಿರುಳಿನ ಕಾಗದದಲ್ಲಿ ಆಮ್ಲದ ಅಂಶ ಉಳಿಯುವುದರಿಂದ ಅದು ಕಂದಿ, ಹಪ್ಪಳದಂತೆ ಮುರಿಯುತ್ತದೆ. ಈ ಕಾರಣದಿಂದ 1861ರ ವರದಿಗಿಂತ 1920ರ ದಶಕದ ವರದಿಯ ಪ್ರತಿ ಹೆಚ್ಚು ಜೀರ್ಣವಾಗಿರುವುದು ಅಚ್ಚರಿಯಲ್ಲ.

ಆ 1920ರ ದಶಕದ ವರದಿಗಳ ಹಿಂದೆ ಸಮುದ್ರವನ್ನು ತುಂಬಿಸಿ ನೆಲ ಪಡೆಯುವ ದೊಡ್ಡ ಕಥೆ ಇದೆ. ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿ, ಭಾರತದ ಹತ್ತಿಗೆ ಬೇಡಿಕೆಯೇರಿ 1861ರಿಂದ 1865ರವರೆಗೆ ಮುಂಬಯಿಗೆ ಹಣ ಹರಿದುಬಂದಾಗ, ಇನ್ನೂ ನೀರಿನಡಿಯಲ್ಲಿದ್ದ ನೆಲದ ಹೆಸರಿನಲ್ಲಿ ಕಂಪನಿಗಳು ಹುಟ್ಟಿ ಅವುಗಳ ಷೇರುಗಳು ಗಗನಕ್ಕೇರಿದವು. ಯುದ್ಧ ನಿಂತ ಸುದ್ದಿ ಬಂದೊಡನೆ ಬ್ಯಾಕ್ ಬೇ ಎಂಬ ಕೊಲ್ಲಿಯನ್ನು ತುಂಬಿಸಹೊರಟಿದ್ದ ಕಂಪನಿಯೂ ಸೇರಿದಂತೆ ಬಹುತೇಕ ಎಲ್ಲವೂ ಕುಸಿದವು. ದಿನ್‌ಷಾ ವಾಚಾ ಅವರು 1910ರಲ್ಲಿ ಬರೆದ ‘ಎ ಫೈನಾನ್ಷಿಯಲ್ ಚಾಪ್ಟರ್’ ಎಂಬ ಸಣ್ಣ ಪುಸ್ತಕ ಈ ಹುಚ್ಚಿನ ಬಗ್ಗೆ ಇರುವ ಅತ್ಯುತ್ತಮ ಬರವಣಿಗೆಗಳಲ್ಲೊಂದು, ಒಳ್ಳೆಯ ಪ್ರತಿ ಸಿಕ್ಕರೆ ಬಿಡಬಾರದಂಥದು. ಮೊದಲನೆಯ ಮಹಾಯುದ್ಧದ ನಂತರ ಗವರ್ನರ್ ಜಾರ್ಜ್ ಲಾಯ್ಡ್ ಅದೇ ಕೊಲ್ಲಿಯಲ್ಲಿ 1,145 ಎಕರೆಗಳನ್ನು ಎಂಟು ವಿಭಾಗಗಳಾಗಿ ತುಂಬಿಸುವ ಯೋಜನೆಯನ್ನು ಕೈಗೆತ್ತಿಕೊಂಡರು. ಹೂಳೆತ್ತುವ ಯಂತ್ರಗಳು ಅಂದಾಜಿನಂತೆ ಕೆಲಸ ಮಾಡದೆ, ತುಂಬಿದ ಹೂಳು ಒಡ್ಡಿನಡಿಯಿಂದ ಸೋರಿಹೋಗಿ, ಖರ್ಚು ಮಿತಿಮೀರಿದಾಗ ಸರ್ ಗ್ರಿಮ್‌ವುಡ್ ಮಿಯರ್ಸ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಗಿ 1926ರಲ್ಲಿ ಅದರ ವರದಿ ಬಂದಿತು. ಯೋಜನೆಯ ಅವ್ಯವಹಾರವನ್ನು ಬಯಲಿಗೆಳೆದ ವಕೀಲ ಕೆ. ಎಫ್. ನರಿಮನ್ ಅವರ ಮೇಲೆ ಹಾರ್ವಿ ಎಂಬ ಎಂಜಿನಿಯರ್ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ನರಿಮನ್ ಗೆದ್ದರು. ಎಂಟರಲ್ಲಿ ನಾಲ್ಕು ವಿಭಾಗಗಳು ಆಗ ಕೈಬಿಟ್ಟುಹೋಗಿ, ಸ್ವಾತಂತ್ರ್ಯಾನಂತರ ಆ ಭಾಗದಲ್ಲಿ ತುಂಬಿಸಿದ ನೆಲಕ್ಕೆ ನರಿಮನ್ ಪಾಯಿಂಟ್ ಎಂಬ ಹೆಸರು ಬಂದಿದೆ.

ಇಷ್ಟರವರೆಗೆ ಹೆಸರಿಸಿದ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು, ಅವುಗಳಲ್ಲಿ ನೆಲವನ್ನು ಮೇಲಿನಿಂದ ನೋಡುವ ಕಣ್ಣೇ ಹೆಚ್ಚು. ಗೋವಿಂದ ನಾರಾಯಣ ಮಾಡಗಾಂವಕರ್ ಅವರು 1863ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ‘ಮುಂಬಯಿಚೆ ವರ್ಣನ್’ ಆ ಕೊರತೆಯನ್ನು ತುಂಬುವ ಪುಸ್ತಕ. ಕೋಟೆಯ ಗೋಡೆ ಕೆಡವುತ್ತಿದ್ದ, ರೈಲು ಬಂದು ಹತ್ತು ವರ್ಷವಾಗಿದ್ದ ಊರಿನಲ್ಲಿ ಬೀದಿ, ಕೆರೆ, ದೇವಸ್ಥಾನ, ಮಾರುಕಟ್ಟೆಗಳು ಯಾರಿಂದ ಆದವು ಎಂಬುದನ್ನು ಅಲ್ಲಿಯೇ ಬದುಕಿದವರೊಬ್ಬರು ಬರೆದಿಟ್ಟ ಗ್ರಂಥವದು. ಇಂಗ್ಲಿಷ್ ಪುಸ್ತಕಗಳನ್ನಷ್ಟೇ ಕೂಡಿಹಾಕಿ ಮರಾಠಿ, ಗುಜರಾತಿ ಪುಸ್ತಕಗಳನ್ನು ಬಿಟ್ಟ ಸಂಗ್ರಹಗಳು ಎಷ್ಟು ದೊಡ್ಡವಾದರೂ ಅರೆಬರೆಯೇ.

ಮುಂಬಯಿಯಲ್ಲಿ ಇಂತಹ ಪುಸ್ತಕಗಳು ಸಿಗುವ ದಾರಿಗಳು ಕಿರಿದಾಗುತ್ತಿವೆ. ಫ್ಲೋರಾ ಫೌಂಟನ್ ಸುತ್ತಿನ ಫುಟ್‌ಪಾತಿನ ಪುಸ್ತಕ ವ್ಯಾಪಾರವನ್ನು 2005ರಲ್ಲಿ ತೆರವುಗೊಳಿಸಿದ ಮೇಲೆ ಅದು ಹಿಂದಿನ ಪ್ರಮಾಣಕ್ಕೆ ಮರಳಲಿಲ್ಲ. ಚೋರ್ ಬಜಾರಿನ ಅಂಗಡಿಗಳಲ್ಲಿ ಪುಸ್ತಕಕ್ಕಿಂತ ಬಿಡಿ ನಕಾಶೆ, ಬಿಡಿ ಚಿತ್ರಗಳಿಗೆ ಗಿರಾಕಿಗಳು ಹೆಚ್ಚು. ಒಳ್ಳೆಯ ಪ್ರತಿಗಳು ಈಗ ಬರುವುದು ಹಳೆಯ ಸಾಲಿಸಿಟರ್ ಕಚೇರಿಗಳ, ಪಾರ್ಸಿ ಮನೆಗಳ ಕಪಾಟುಗಳು ಖಾಲಿಯಾಗುವಾಗ, ಇಲ್ಲವೇ ಇಂಗ್ಲೆಂಡಿನ ಹಳೆಪುಸ್ತಕ ವ್ಯಾಪಾರಿಗಳ ಪಟ್ಟಿಗಳ ಮೂಲಕ. ಮುಂಬಯಿಯ ನೆಲದ ಬಗ್ಗೆ ಮುಂಬಯಿಯಲ್ಲೇ ಅಚ್ಚಾದ ಪುಸ್ತಕವನ್ನು ಪೌಂಡಿನಲ್ಲಿ ಕೊಂಡು ತರಿಸಿಕೊಳ್ಳಬೇಕಾದ ಪರಿಸ್ಥಿತಿ ವಿಚಿತ್ರವಾದರೂ ನಿಜ. ಮಾರಾಟಕ್ಕೆ ಬಂದ ಪ್ರತಿಯಲ್ಲಿ ಗ್ರಂಥಾಲಯದ ಠಸ್ಸೆ ಇದ್ದರೆ ಅದನ್ನು ಕೈಬಿಟ್ಟ ಬಗ್ಗೆ ಇನ್ನೊಂದು ಠಸ್ಸೆಯೂ ಇದೆಯೇ ಎಂದು ನೋಡುವುದು ಸಭ್ಯ ಸಂಗ್ರಾಹಕರ ರೂಢಿ. ಠಸ್ಸೆಯನ್ನು ಉಜ್ಜಿ ಅಳಿಸಿದ ಗುರುತಿದ್ದರೆ ಪುಸ್ತಕವನ್ನು ಕೆಳಗಿಟ್ಟು ಬರುವುದೇ ಲೇಸು. ಕೈಬರಹದ ಗುತ್ತಿಗೆಪತ್ರ, ಖರೀದಿಪತ್ರಗಳನ್ನು ಕೊಳ್ಳುವವರಿಗೆ 1972ರ ಪುರಾತನ ವಸ್ತುಗಳ ಕಾನೂನು ಅನ್ವಯಿಸುತ್ತದೆ. 75 ವರ್ಷಕ್ಕೂ ಹಳೆಯದಾದ, ಚಾರಿತ್ರಿಕ ಮೌಲ್ಯವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳು ಅದರ ವ್ಯಾಪ್ತಿಗೆ ಬರುವುದರಿಂದ ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ.

ಕೊಂಡದ್ದನ್ನು ಕಾಪಾಡುವುದು ಮುಂಬಯಿಯಲ್ಲಿ ಕೊಳ್ಳುವುದಕ್ಕಿಂತ ಕಷ್ಟ. ಕಾಗದಕ್ಕೆ ಗಾಳಿಯ ತೇವ ಶೇಕಡಾ 50ರ ಆಸುಪಾಸಿನಲ್ಲಿರುವುದು ಹಿತ, ಜೂನ್ ತಿಂಗಳಿಂದ ಅಲ್ಲಿ ಅದು ಶೇಕಡಾ 80ನ್ನೂ ದಾಟುತ್ತದೆ. ಬೂಷ್ಟು, ಗೆದ್ದಲು, ಬೈಂಡಿಂಗಿನ ಸರಿಯನ್ನು ತಿನ್ನುವ ಹುಳುಗಳು ಆಗ ಕೆಲಸಕ್ಕೆ ತೊಡಗುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವ ರೂಢಿ ತೇವವನ್ನು ಒಳಗೇ ಬಂಧಿಸುವುದರಿಂದ ಅಪಾಯಕರ. ಗೋಡೆಗೆ ತಾಗದ ಕಪಾಟು, ಆಮ್ಲರಹಿತ ಕಾಗದದ ಹೊದಿಕೆ, ಮಳೆ ನಿಂತ ದಿನಗಳಲ್ಲಿ ಗಾಳಿಯಾಡಿಸುವುದು ಇವಿಷ್ಟೇ ಮನೆಯಲ್ಲಿ ಸಾಧ್ಯವಾಗುವ ಉಪಾಯಗಳು. ಸೀಳಿದ ಹಾಳೆಗೆ ತೆಳುವಾದ ಜಪಾನಿ ಕಾಗದವನ್ನು ಗೋಧಿಯ ಗಂಜಿಯಿಂದ ಅಂಟಿಸುವುದು ಪರಿಣತರ ಕ್ರಮವಾಗಿದ್ದು, ಬೇಕೆಂದಾಗ ನೀರಿನಿಂದ ಬಿಡಿಸಬಹುದಾದ್ದೇ ಅದರ ಗುಣ. ತಾವು ಕೊಳ್ಳಲಾಗದ್ದನ್ನು ಓದಬಯಸುವವರಿಗೆ 1804ರಲ್ಲಿ ಆರಂಭವಾಗಿ ಟೌನ್ ಹಾಲಿನಲ್ಲಿ ನೆಲೆಸಿರುವ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವೂ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರವೂ ಇವೆ.

ಹೊಸದಾಗಿ ಈ ದಾರಿಗೆ ಇಳಿಯುವ ಕನ್ನಡಿಗರು, ಅದರಲ್ಲೂ ಮುಂಬಯಿಯ ಕನ್ನಡಿಗರು, ವಾರ್ಡನ್‌ರಿಂದಲೇ ಆರಂಭಿಸಬೇಕಾಗಿಲ್ಲ; ಅವರಿಗೆ ಇನ್ನೂ ಹತ್ತಿರದ ಬಾಗಿಲೊಂದಿದೆ. 1896ರಲ್ಲಿ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗು ನಗರದ ಕಿಕ್ಕಿರಿದ ಕೇರಿಗಳನ್ನು ಆಳುವವರ ಕಣ್ಣಿಗೆ ತಂದ ಮೇಲೆ 1898ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟು, ಅಂದರೆ ಹಳೆಯ ಕೇರಿಗಳನ್ನು ಕೆಡವಿ ಹೊಸ ಬೀದಿ ಮತ್ತು ಬಡಾವಣೆಗಳನ್ನು ರಚಿಸುವ ಅಧಿಕಾರವಿದ್ದ ಮಂಡಳಿ, 1933ರಲ್ಲಿ ನಗರಪಾಲಿಕೆಯಲ್ಲಿ ವಿಲೀನವಾಗುವವರೆಗೆ ವರ್ಷವರ್ಷವೂ ಆಡಳಿತ ವರದಿಗಳನ್ನು ಅಚ್ಚು ಹಾಕಿಸಿತು. ಯಾವ ಕೇರಿಯಲ್ಲಿ ಎಷ್ಟು ಮನೆ ಕೆಡವಲಾಯಿತು, ಯಾರ ಜಮೀನನ್ನು ಯಾವ ಪರಿಹಾರಕ್ಕೆ ಸ್ವಾಧೀನಪಡಿಸಿಕೊಳ್ಳಲಾಯಿತು, ಹೊಸ ನಿವೇಶನಗಳನ್ನು ಯಾವ ಷರತ್ತಿನ ಮೇಲೆ ಗುತ್ತಿಗೆಗೆ ಕೊಡಲಾಯಿತು ಎಂಬುದೆಲ್ಲ ಇಂತಹ ವರದಿಗಳ ವಿಷಯ. ಟ್ರಸ್ಟಿನ ಐದನೆಯ ಮತ್ತು ಆರನೆಯ ಯೋಜನೆಗಳು ದಾದರ್, ಮಾಟುಂಗಾ, ಸಯನ್‌ಗಳ ಗದ್ದೆತೋಟಗಳನ್ನು ಬಡಾವಣೆಗಳಾಗಿ ಮಾರ್ಪಡಿಸಿದವು. ದಕ್ಷಿಣ ಭಾರತದ ಗುಮಾಸ್ತರು, ಶಿಕ್ಷಕರು, ಹೋಟೆಲು ನಡೆಸುವವರು ಬಂದು ನೆಲೆ ನಿಂತ, 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿದ ಮಾಟುಂಗಾ ರೂಪುಗೊಂಡದ್ದು ಆ ಯೋಜನೆಗಳಿಂದ. ಈ ವರದಿಗಳಿಗೆ ದೊಡ್ಡ ಸಂಗ್ರಾಹಕರ ಪೈಪೋಟಿ ಇನ್ನೂ ಇಲ್ಲ. ಕಳಪೆ ಕಾಗದದ ಮೇಲೆ ಅಚ್ಚಾದ ಅವು ಬಿಡಿಬಿಡಿಯಾಗಿ, ಬೆನ್ನು ಕಿತ್ತುಹೋದ ಸ್ಥಿತಿಯಲ್ಲಿ, ಬೇರೆ ಕಟ್ಟುಗಳ ನಡುವೆ ಸೇರಿಕೊಂಡು ಸಿಗುತ್ತವೆ, ಹಿಂಬದಿಯಲ್ಲಿ ಮಡಚಿಟ್ಟ ಬಡಾವಣೆಯ ನಕಾಶೆ ಉಳಿದಿದ್ದರೆ ಬೆನ್ನಿನ ಚಿಂತೆ ಮಾಡಬೇಕಾಗಿಲ್ಲ.